ಕೂಗುವವರ ಮನೆ, ಕೂಗದವರ ಮನೆ

ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ವಾರಕ್ಕೊಮ್ಮೆ ಕ್ಲೋರಿನ್ ಸುರಿಯುತ್ತಾರೆ. ಅವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತರೆ ಕಾಫಿಯ ಪರಿಮಳವನ್ನು ಪಕ್ಕಕ್ಕೆ ತಳ್ಳಿ ಆ ಘಾಟು ಮೂಗಿಗೆ ನುಗ್ಗುತ್ತದೆ. ಕೆಳಗಿನ ಮನೆಯವರಿಗೆ ಅದು ಆಗುವುದಿಲ್ಲ. ಅಸೋಸಿಯೇಷನ್ನಿಗೆ ದೂರು ಬರೆದು, ಸಹಿ ಹಾಕಿಕೊಡಿ ಎಂದು ನನ್ನ ಬಾಗಿಲಿಗೂ ಬಂದಿದ್ದರು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಒಳಗೆ ಹೋಗಿಬಿಟ್ಟೆ. ಹಾಲು ಇರಲಿಲ್ಲ. ನನಗೆ ಆ ಘಾಟು ಬೇಕು. ಅದರ ಹಿಂದೆಯೇ ಒದ್ದೆ ನೈಲಾನ್ ಬಟ್ಟೆಯ ವಾಸನೆ ಬರುತ್ತದೆ, ಅದರ ಹಿಂದೆ ಬಿಸಿಲಿಗೆ ಕಾದ ಸ್ಟೀಲ್ ಡಬ್ಬಿಯ ಪುಳಿಯೋಗರೆ, ಅದರ ಹಿಂದೆ ಇಡೀ ಒಂದು ದಿನ. ಇದನ್ನೆಲ್ಲ ದೂರಿನ ಕಾಗದ ಹಿಡಿದು ನಿಂತವರಿಗೆ ವಿವರಿಸುವುದು ಹೇಗೆ ಹೇಳಿ.

ಪ್ರವಾಸ ಹೋಗಿ ಬಂದು ಬಾಗಿಲ ಬೀಗ ತೆಗೆಯುವಾಗ ನಿಮ್ಮ ಮನೆಯಲ್ಲಿ ಏನು ಮಾತು ಬರುತ್ತದೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಪ್ಪ "ಅಂತೂ ಬಂದ್ವಿ" ಅನ್ನುತ್ತಿದ್ದರು. ಅಮ್ಮ "ಹಾಲು ಹೆಪ್ಪು ಹಾಕಿರಲಿಲ್ಲ, ಮೊಸರಿಲ್ಲ" ಅನ್ನುತ್ತಿದ್ದಳು. ಅಲ್ಲಿಗೆ ಪ್ರವಾಸ ಮುಗಿಯಿತು. ಅದೇ ಪಕ್ಕದ ಮನೆಯ ಹಿರೇಮಠರ ಬಾಗಿಲಲ್ಲಿ ಬೀಗದ ಕೈಗೆ ತಡಕಾಡುತ್ತಲೇ ಶಾಂತಾ ಆಂಟಿ ಕೇಳುತ್ತಿದ್ದರು: "ಮತ್ತ ಯಾವಾಗ ಹೋಗೂದ್ರಿ?" ಒಂದೇ ಬಸ್ಸು, ಒಂದೇ ಊರು, ಒಂದೇ ಬಿಸಿಲು. ಆದರೂ ಕೆಲವು ಮನೆಗಳಿಗೆ ಉಯ್ಯಾಲೆ, ಜಾರುಬಂಡೆ, ಸಿಮೆಂಟಿನ ಆನೆ ಜಾದೂವಾಗುತ್ತದೆ. ಕೆಲವು ಮನೆಗಳಿಗೆ ಅದೆಲ್ಲ ಯಾವಾಗ ಮುಗಿಯುತ್ತದೋ ಅನ್ನಿಸುತ್ತದೆ. ನಾವು ಎರಡನೆಯ ಪಂಗಡ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇಜಾರುಪಡುವವರೂ ಮನುಷ್ಯರೇ.

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ತಿರುವನಂತಪುರದಲ್ಲಿದ್ದೆವು. ಅಪ್ಪನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ. ಮೇಲೆ ಹೋಗಬೇಕಾದ ಯಂತ್ರಗಳ ಬಿಡಿಭಾಗಗಳನ್ನು ಭೂಮಿಯ ಮೇಲೆಯೇ ಅಲುಗಾಡಿಸಿ, ಕಾಯಿಸಿ, ತಣ್ಣಗಾಗಿಸಿ, ಇನ್ನು ಹೊರಡಬಹುದು ಎಂದು ಹೇಳುವ ವಿಭಾಗ. ಆ ಕೆಲಸ ಮಾಡಿ ಮಾಡಿಯೋ ಏನೋ, ಅಪ್ಪನಿಗೆ ಯಾವ ವಸ್ತು ಕಂಡರೂ ಮೊದಲು ಅದರ ಎಲುಬು ಕಾಣುತ್ತಿತ್ತು. ಮಿಕ್ಸಿ ಕೆಟ್ಟರೆ ಖುಷಿಪಡುತ್ತಿದ್ದ ಒಬ್ಬನೇ ಮನುಷ್ಯನನ್ನು ನಾನು ನೋಡಿದ್ದು ನಮ್ಮ ಮನೆಯಲ್ಲೇ. ದನಿ ಮಾತ್ರ ಬಹಳ ಮೆತ್ತಗೆ. ಅಮ್ಮನದೂ ಹಾಗೆಯೇ. ಇಬ್ಬರೂ ಮೈಸೂರಿನವರು. ಕೋಪ ಬಂದರೆ ಅಪ್ಪ ಪೇಪರ್ ಓದುತ್ತಿದ್ದರು, ಅಮ್ಮ ಡಬ್ಬಿಗಳನ್ನು ಒರೆಸುತ್ತಿದ್ದಳು. ಡಬ್ಬಿಗಳು ಬಹಳ ಹೊಳೆಯುತ್ತಿದ್ದರೆ ನಾನೂ ತಮ್ಮ ರಘುವೂ ಹುಷಾರಾಗಿರುತ್ತಿದ್ದೆವು.

ನಮ್ಮದು ಒಂದೇ ಗೋಡೆಯ ಎರಡು ಮನೆಗಳಲ್ಲೊಂದು. ಗೋಡೆಯ ಆಚೆ ಧಾರವಾಡ ಕಡೆಯ ಹಿರೇಮಠ ಅಂಕಲ್, ಶಾಂತಾ ಆಂಟಿ, ನನ್ನದೇ ವಯಸ್ಸಿನ ಸವಿತಾ. ಅಂಕಲ್ ಅದೇ ಕೇಂದ್ರದ ಖರೀದಿ ವಿಭಾಗದಲ್ಲಿದ್ದರು. ಅವರ ಮನೆಯ ಮಾತು ನಮಗೆ ರೇಡಿಯೋದಂತೆ ಸದಾ ಕೇಳುತ್ತಿತ್ತು. ಬದನೆಕಾಯಿಗೆ ಜಗಳ, ಬನಿಯನ್ನಿಗೆ ಜಗಳ, ಟಿವಿಯ ಆಂಟೆನಾಗೆ ಜಗಳ. ಜಗಳದ ನಡುವೆಯೇ ನಗು. ಜಗಳ ನಿಂತು ನಗು ಶುರುವಾದದ್ದೆಲ್ಲಿ ಎಂದು ನಮಗೆ ಗೋಡೆಗೆ ಕಿವಿಯಿಟ್ಟರೂ ಗೊತ್ತಾಗುತ್ತಿರಲಿಲ್ಲ. ಅಮ್ಮ "ಪಾಪ, ಒಳ್ಳೆಯವರು" ಅನ್ನುತ್ತಿದ್ದಳು. ಆ 'ಪಾಪ'ದಲ್ಲಿ ಸ್ವಲ್ಪ ಮೈಸೂರಿನ ಬಿಂಕವೂ ಇತ್ತೆಂದು ಈಗ ತೋರುತ್ತದೆ.

ಆ ವರ್ಷ ನಮ್ಮ ಮನೆಯಲ್ಲಿ ಡಬ್ಬಿಗಳು ಬಹಳ ಹೊಳೆಯುತ್ತಿದ್ದವು. ಶುರುವಾದದ್ದು ಎಸ್‌ಟಿಡಿ ಬೂತಿನಲ್ಲಿ. ಭಾನುವಾರ ಸಂಜೆ ಮೈಸೂರಿನ ಅಜ್ಜಿಗೆ ಫೋನ್ ಮಾಡುವುದು ನಮ್ಮ ಪದ್ಧತಿ. ರಘುವಿಗೆ ಆಗ ಆರು ವರ್ಷ. ಅಜ್ಜಿ "ಊಟ ಆಯ್ತೇನೋ ಪುಟ್ಟ?" ಎಂದು ಕೇಳಿದ್ದಾಳೆ. ಅವನು "ಕಳಿಚ್ಚು" ಅಂದ. ಊಟ ಆಯಿತು ಎಂದೇ ಅರ್ಥ, ಆದರೆ ಮಲಯಾಳದಲ್ಲಿ. ಅಜ್ಜಿ ಇನ್ನೇನೋ ಕೇಳಿದಳು. ಅವನು "ವೇಂಡ" ಅಂದ. ಬೇಡ ಎಂದು. ಅಜ್ಜಿ ಅಮ್ಮನಿಗೆ ಫೋನ್ ಕೊಡಿಸಿ ಕೇಳಿದಳಂತೆ: "ಅದು ಯಾರ ಮಗುವೇ, ಫೋನ್ ಹಿಡ್ಕೊಂಡಿರೋದು?"

ಅವತ್ತು ರಾತ್ರಿ ಅಮ್ಮ ಎಲ್ಲ ಡಬ್ಬಿಗಳನ್ನೂ ಒರೆಸಿದಳು. ಐದು ವರ್ಷವಾದರೂ ಅವಳು ಆ ಊರಿನ ಮಾತು ಕಲಿತಿರಲಿಲ್ಲ. ಕಲಿಯಲಾರದೆ ಅಲ್ಲ, ಕಲಿತುಬಿಟ್ಟರೆ ಇಲ್ಲಿಯವಳೇ ಆಗಿಬಿಡುತ್ತೇನೆಂದು. ತರಕಾರಿಯವಳಿಗೆ ಬೆರಳಿನಿಂದ ತೋರಿಸುತ್ತಿದ್ದಳು. ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಟ್ಟರೆ ಕೇಳಿಸದವಳಂತೆ ಇರುತ್ತಿದ್ದಳು. ಬೂತಿನ ಆ ಸಂಜೆಯ ನಂತರ ಒಂದು ತೀರ್ಮಾನವಾಯಿತು. ಯಾರು ಮಾಡಿದರು ಎಂದು ಹೇಳಲಾರೆ. ಜೂನ್‌ನಿಂದ ಅಮ್ಮ, ನಾನು, ರಘು ಮೈಸೂರಿನಲ್ಲಿ ಅಜ್ಜಿಯ ಮನೆಯಲ್ಲಿರುವುದು; ಅಲ್ಲೇ ಶಾಲೆ; ಅಪ್ಪ ಒಬ್ಬರೇ ತಿರುವನಂತಪುರದಲ್ಲಿ. ಅಮ್ಮ ಹೇಳಿದಾಗ ಅಪ್ಪ ಪೇಪರಿನ ಹಾಳೆ ತಿರುಗಿಸಿ "ಸರಿ, ನಿನಗೆ ಅನುಕೂಲ ಆಗೋ ಹಾಗೆ" ಅಂದರು. ಅಷ್ಟೇ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ 'ಬೇಡ' ಎನ್ನುತ್ತಿರಲಿಲ್ಲ, ರಘುವಿನ 'ವೇಂಡ' ಒಂದನ್ನು ಬಿಟ್ಟರೆ.

ಈ ಸುದ್ದಿ ಗೋಡೆ ದಾಟಿ ಹೋಗಿರಬೇಕು. ಒಂದು ದಿನ ಶಾಂತಾ ಆಂಟಿ ಸೀದಾ ನಮ್ಮ ಅಡುಗೆಮನೆಗೆ ಬಂದು, ಅಮ್ಮನ ಕೈಯಿಂದ ಡಬ್ಬಿ ಕಿತ್ತಿಟ್ಟು, ಅತ್ತಿಗೆಯನ್ನು ಕರೆಯುವಂತೆ ಕರೆದು ಹೇಳಿದರು: "ವೈನಿ, ನೀವು ಹೋಗೂದಕ್ಕಿಂತ ಮೊದ್ಲ ಒಂದ್ಸಲ ಎಲ್ಲಾರೂ ಕೂಡಿ ಎಲ್ಲಿಗ್ಯರ ಹೋಗಿ ಬರೂಣು. ಎರ್ನಾಕುಲಂ ಕಡೆ ಹೊಸಾ ಪಾರ್ಕ್ ಆಗೇದಂತ. ನೀರಿನ್ಯಾಗ ಆಡೂದು, ಚಕ್ರದಾಗ ಕೂಡೂದು. ಹುಡುಗೂರಿಗೆ ನೆನಪಿರತದ."

ಅಮ್ಮನಿಗೆ ಇಂಥದಕ್ಕೆಲ್ಲ ಇಲ್ಲವೆನ್ನಲು ಬರುತ್ತಿರಲಿಲ್ಲ. ಹಾಗಾಗಿ ಹೊರಟೆವು.

ಹೊರಡುವ ಮೊದಲೇ ಎರಡು ಮನೆಗಳು ಬೇರೆ ಬೇರೆ ಪಾರ್ಕಿಗೆ ಹೋಗುತ್ತಿದ್ದವು ಎಂದು ನನಗೀಗ ಅನ್ನಿಸುತ್ತದೆ. ಗೋಡೆಯಾಚೆ ಅಂಕಲ್ ಪ್ರತಿ ಸಂಜೆ ಸವಿತಾಳಿಗೆ ಪಾರ್ಕಿನ ಕಥೆ ಹೇಳುತ್ತಿದ್ದರು. ಅವರು ಅದನ್ನು ನೋಡಿರಲೇ ಇಲ್ಲ. ಆಫೀಸಿನ ಯಾರೋ ಹೇಳಿದ್ದಕ್ಕೆ ದಿನಕ್ಕೊಂದು ಪ್ರಾಣಿ ಸೇರಿಸುತ್ತಿದ್ದರು. ಮೊದಲು ಆನೆ ಇತ್ತು, ಆಮೇಲೆ ಮೊಸಳೆ ಬಂತು, ಹೋಗುವ ಹೊತ್ತಿಗೆ ನೀರಿನೊಳಗಿಂದ ಏಳುವ ಒಂದು ರಾಕ್ಷಸನೂ ಇದ್ದ. ನಮ್ಮ ಮನೆಯಲ್ಲಿ ರಘು "ಅಲ್ಲಿ ಏನಿರುತ್ತೆ" ಎಂಬರ್ಥದಲ್ಲಿ ಏನೋ ಕೇಳಿದಾಗ ಅಪ್ಪ ಬಹಳ ಪ್ರೀತಿಯಿಂದ ಕಾಗದದ ಮೇಲೆ ಚಕ್ರ ಬರೆದು, ಮೋಟಾರ್ ಎಲ್ಲಿರುತ್ತದೆ, ತೊಟ್ಟಿಲು ಯಾಕೆ ತಲೆಕೆಳಗಾಗುವುದಿಲ್ಲ ಎಂದು ವಿವರಿಸಿದರು. ಅದು ಅವರ ಕಥೆ. ರಘು ಅರ್ಧಕ್ಕೇ ನಿದ್ದೆ ಹೋದ.

ಬೆಳಗಿನ ರೈಲಿನಲ್ಲಿ ಎರ್ನಾಕುಲಂಗೆ ಹೋಗಿ, ಅಲ್ಲಿಂದ ಆಲುವ ಕಡೆಯ ಬಸ್ಸು ಹಿಡಿದೆವು. ಪಾರ್ಕು ರಸ್ತೆಯಿಂದ ಒಳಗೆ, ತೆಂಗಿನ ತೋಟ ಸವರಿ ಮಾಡಿದ ಜಾಗದಲ್ಲಿತ್ತು. ಈಗ ಅದಿಲ್ಲ, ಅದರ ಹೆಸರೂ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಬಾಗಿಲಲ್ಲಿ ಕಾವಲಿನವನು ನಮ್ಮ ಚೀಲಗಳನ್ನು ನೋಡಿ ತಲೆಯಲ್ಲಾಡಿಸಿದ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಅಮ್ಮನ ಮುಖ ಇಳಿದುಹೋಯಿತು. ಬೆಳಕು ಹರಿಯುವ ಮುಂಚೆ ಎದ್ದು ಮಾಡಿದ ಪುಳಿಯೋಗರೆ, ಮೊಸರನ್ನ. ವಾಪಸ್ ಹೋಗೋಣವೇ ಎಂಬಂತೆ ಅವಳು ಅಪ್ಪನನ್ನು ನೋಡಿದಳು. ಅಪ್ಪ ನಿಯಮ ಬರೆದಿದ್ದ ಬೋರ್ಡನ್ನು ಪೂರ್ತಿ ಓದಿ "ಹೌದು, ಬರೆದಿದ್ದಾರೆ" ಅಂದರು.

ಶಾಂತಾ ಆಂಟಿ ಅಲ್ಲೇ ಗೇಟಿನ ಪಕ್ಕದ ಗೇರು ಮರದ ಕೆಳಗೆ ಬೆಡ್‌ಶೀಟ್ ಹಾಸಿಬಿಟ್ಟರು. "ಒಳಗ ಬಿಡೂದಿಲ್ಲಂದ್ರ ಹೊಟ್ಟ್ಯಾಗ ಹಾಕ್ಕೊಂಡು ಹೋಗೂಣು. ಅದನ್ನ ಹ್ಯಾಂಗ ತಡೀತಾನ?" ಅವರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಮ್ಮ ಪುಳಿಯೋಗರೆ, ಎಲ್ಲವೂ ಹನ್ನೆರಡು ಗಂಟೆಯಾಗುವ ಮೊದಲೇ ನಮ್ಮ ಹೊಟ್ಟೆಯಲ್ಲಿದ್ದವು. ಉಳಿದ ರೊಟ್ಟಿಯೊಂದಕ್ಕೆ ಚಟ್ನಿ ಸವರಿ ಆಂಟಿ ಕಾವಲಿನವನಿಗೂ ಕೊಟ್ಟರು. "ಚೇಟ್ಟಾ, ಕಳಿಕ್ಕ್ರಿ" ಎಂದು ಮಲಯಾಳದ ಕ್ರಿಯಾಪದಕ್ಕೆ ಧಾರವಾಡದ ಬಾಲ ಕಟ್ಟಿ ಹೇಳಿದರು, ಅಣ್ಣಾ ತಿನ್ರಿ ಎಂದು. ಅವನು ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ನಕ್ಕ.

ಒಳಗೆ ಹೋದ ಮೇಲೆ ಏನಾಯಿತೆಂದರೆ, ಹಿರೇಮಠರು ಮೂವರೂ ಓಡಿದರು, ನಾವು ನಾಲ್ವರೂ ಬೆಂಚು ಹುಡುಕಿದೆವು.

ಸಿಮೆಂಟಿನ ಆನೆಯ ಸೊಂಡಿಲಿನಿಂದ ನೀರು ಚಿಮ್ಮುತ್ತಿತ್ತು. ಸವಿತಾ ಅದರ ಕೆಳಗೆ ನಿಂತು ಚೀರಿದಳು. ಅಪ್ಪ ಆನೆಯ ಹಿಂದೆ ಹೋಗಿ ಪಂಪು ನೋಡಿ ಬಂದು, "ಒಂದೇ ನೀರು ತಿರುಗಿ ತಿರುಗಿ ಬರುತ್ತೆ, ಬಾಯಿಗೆ ಹೋಗದ ಹಾಗೆ ನೋಡ್ಕೊಳ್ಳಿ" ಎಂದರು. ಆಮೇಲೆ ಆ ಆನೆ ನನಗೆ ಆನೆಯಾಗಿ ಕಾಣಲಿಲ್ಲ. ಅಲೆಯ ಕೊಳಕ್ಕೆ ಇಳಿಯುವವರು ಪಾರ್ಕಿನ ನೈಲಾನ್ ಬಟ್ಟೆಯನ್ನೇ ಬಾಡಿಗೆಗೆ ಪಡೆದು ಹಾಕಿಕೊಳ್ಳಬೇಕಿತ್ತು. ಶಾಂತಾ ಆಂಟಿ ತಮಗಿಂತ ಎರಡರಷ್ಟು ಅಗಲದ, ಗಿಳಿ ಹಸಿರಿನ ಒಂದು ಚೀಲದಂಥ ಉಡುಪಿನಲ್ಲಿ ಹೊರಬಂದು, ನಮ್ಮೆಲ್ಲರ ಮುಂದೆ ಗಿರ್ರನೆ ತಿರುಗಿ ಕೇಳಿದರು: "ಹ್ಯಾಂಗ ಕಾಣತೇನ್ರಿ?"

"ಥೇಟ್ ಗಿಳಿ," ಅಂದರು ಅಂಕಲ್. "ಆದ್ರ ತಿಂದು ತಿಂದು ಹಾರಲಾರದ ಗಿಳಿ."

ಆಂಟಿ ಟವೆಲಿನಿಂದ ಅವರ ಬೆನ್ನಿಗೆ ಬಾರಿಸಿದರು. ಅಮ್ಮ ಬೇರೆಯವರ ಮನೆಯ ಒಳಕೋಣೆ ಕಣ್ಣಿಗೆ ಬಿದ್ದವಳಂತೆ ಮುಖ ತಿರುಗಿಸಿದಳು. "ಬರ್ರಿ ವೈನಿ, ಕಾಲರ ಇಡ್ರಿ ನೀರಾಗ" ಎಂದು ಎಷ್ಟು ಕರೆದರೂ, "ನಾನಿಲ್ಲೇ ಇರ್ತೀನಿ, ನೀವು ಹೋಗ್ಬನ್ನಿ, ಚೀಲ ನೋಡ್ಕೋಬೇಕಲ್ಲ" ಎಂದಳು.

ಚೀಲ ನೋಡಿಕೊಳ್ಳುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ಪಾರ್ಕಿನಲ್ಲೂ ಅವರಿರುತ್ತಾರೆ. ಮಡಿಲಲ್ಲಿ ಯಾರದೋ ವಾಚು, ಕೈಯಲ್ಲಿ ಯಾರದೋ ಕನ್ನಡಕ, ಕಾಲ ಬಳಿ ಎಲ್ಲರ ಚಪ್ಪಲಿ. ಅವರು ಇಲ್ಲದಿದ್ದರೆ ಉಳಿದವರು ನಿಶ್ಚಿಂತೆಯಿಂದ ನೀರಿಗೆ ಧುಮುಕಲಾರರು. ಅವರಿಗೆ ಬೇಜಾರಾಗುತ್ತದೆ, ನಿಜ. ಆದರೆ ಅದು ಇನ್ನೊಬ್ಬರ ಖುಷಿಗೆ ಕಾವಲು ಕೂತು ಬಂದ ಬೇಜಾರು. ನಮ್ಮ ಮನೆಯ ತೊಂದರೆ ಏನಿತ್ತೆಂದರೆ, ಆ ಕೆಲಸಕ್ಕೆ ಅಪ್ಪ ಮತ್ತು ಅಮ್ಮ ಇಬ್ಬರೂ ನಿಂತಿದ್ದರು. ಹಿರೇಮಠರ ಮನೆಯಿಂದ ಒಬ್ಬರೂ ಇರಲಿಲ್ಲ.

ನಾನು ಶಾಂತಾ ಆಂಟಿಯ ಕೈ ಹಿಡಿದು ಅಲೆಯ ಕೊಳಕ್ಕೆ ಇಳಿದೆ. ಅಲೆ ಬರುವ ಮುನ್ನ ಒಂದು ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದ್ದೇ ಎಲ್ಲರೂ ಕೂಗುತ್ತಿದ್ದರು. ಅಲೆಯೇನೂ ದೊಡ್ಡದಲ್ಲ, ನನ್ನ ಎದೆಮಟ್ಟ. ಎರಡನೆಯ ಸಲ ನಾನೂ ಕೂಗಿದೆ. ನನ್ನ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಯಾರೋ ಕೇಳಿಸಿಕೊಂಡರೇನೋ ಎಂದು ತಿರುಗಿ ಬೆಂಚಿನ ಕಡೆ ನೋಡಿದೆ. ಅಪ್ಪ ಈ ತುದಿಯಲ್ಲಿ, ಅಮ್ಮ ಆ ತುದಿಯಲ್ಲಿ, ಮಧ್ಯೆ ಚೀಲಗಳು. ಇಬ್ಬರೂ ನಮ್ಮ ಕಡೆಗೇ ನೋಡುತ್ತಿದ್ದರು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಜೂನ್ ತಿಂಗಳಿನ ಮೇಲೆ ಅಪ್ಪ ಒಬ್ಬರೇ ಹಾಗೆ ಕೂತಿರುತ್ತಾರೆ, ಪಕ್ಕದಲ್ಲಿ ಚೀಲವೂ ಇರುವುದಿಲ್ಲ ಎಂದು ನನಗೆ ಅಲ್ಲಿ, ಸೊಂಟದವರೆಗಿನ ನೀರಿನಲ್ಲಿ, ಮೊದಲ ಸಲ ಹೊಳೆಯಿತು. ಆಮೇಲೆ ಕೂಗಲು ಆಗಲಿಲ್ಲ. ಕಾಲು ನೋಯುತ್ತದೆ ಎಂದು ಹೇಳಿ ಮೇಲೆ ಬಂದು ಅವರಿಬ್ಬರ ನಡುವೆ ಚೀಲ ಸರಿಸಿ ಕೂತೆ.

"ಸಾಕಾಯ್ತಾ?" ಎಂದಳು ಅಮ್ಮ.

"ಬೋರು," ಎಂದೆ.

ಸಂಜೆ ಬಿಸಿಲು ಇಳಿದ ಮೇಲೆ ಜೈಂಟ್ ವ್ಹೀಲ್ ಒಂದು ಉಳಿದಿತ್ತು. ಒಂದೊಂದು ತೊಟ್ಟಿಲಿಗೆ ನಾಲ್ವರು. ರಘುವಿನಷ್ಟು ಚಿಕ್ಕವರ ಜೊತೆ ಅಪ್ಪ ಅಮ್ಮ ಇರಲೇಬೇಕೆಂದು ಅಲ್ಲಿನವನು ಹೇಳಿದ. ಅಪ್ಪ "ನಾನು ಕೆಳಗಿರ್ತೀನಿ, ಚೀಲ..." ಎಂದು ಶುರುಮಾಡಿದರು. ಹಿರೇಮಠ ಅಂಕಲ್ ಎಲ್ಲ ಚೀಲಗಳನ್ನೂ ಎತ್ತಿಕೊಂಡು ಹೋಗಿ ಟಿಕೆಟ್ ಕೋಣೆಯವನ ಮೇಜಿನ ಕೆಳಗೆ ಇಟ್ಟು ಬಂದರು. ಅಪ್ಪನಿಗೆ ನೆವ ಉಳಿಯಲಿಲ್ಲ.

"ಬನ್ನಿ ಅಂದ್ರೆ," ಎಂದಳು ಅಮ್ಮ ಮೆಲ್ಲಗೆ. "ಮಕ್ಕಳ ಜೊತೆ ಇನ್ನು ಯಾವಾಗ ಬರ್ತೀವೋ."

ಅಪ್ಪ ಹತ್ತಿದರು. ಈಗ ಯೋಚಿಸಿದರೆ ಅಪ್ಪ ಎಂದೂ ಟೆರೇಸಿನ ಅಂಚಿಗೆ ಬಂದವರಲ್ಲ. ಬಟ್ಟೆ ಒಣಗಿಸುವಾಗಲೂ ಮಧ್ಯದಲ್ಲೇ ನಿಲ್ಲುತ್ತಿದ್ದರು. ನಾವದನ್ನು ಎಚ್ಚರಿಕೆಯ ಸ್ವಭಾವ ಎಂದುಕೊಂಡಿದ್ದೆವು. ಮೇಲೆ ಹೋಗುವ ಯಂತ್ರಗಳಿಗೆ ಹೊರಡಬಹುದು ಎಂದು ಹೇಳುವ ಮನುಷ್ಯ ತಾನು ವಿಮಾನವನ್ನೂ ಹತ್ತಿರಲಿಲ್ಲ.

ಚಕ್ರ ತಿರುಗಿತು. ನಮ್ಮ ಮುಂದಿನ ತೊಟ್ಟಿಲಿನಲ್ಲಿ ಹಿರೇಮಠರು ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಮೊದಲ ಸುತ್ತಿನಲ್ಲಿ ಅಪ್ಪ, "ನೋಡಿ, ಈ ಮೋಟಾರ್‌ಗೆ..." ಎಂದು ಏನೋ ಹೇಳಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. ಎರಡನೆಯ ಸುತ್ತಿನಲ್ಲಿ ನಾವು ತುದಿಗೆ ಬಂದಾಗ, ಕೆಳಗೆ ಯಾರನ್ನೋ ಇಳಿಸಲು ಚಕ್ರವನ್ನು ನಿಲ್ಲಿಸಿದರು. ತೊಟ್ಟಿಲು ತೂಗಿತು. ಕೆಳಗೆ ತೆಂಗಿನ ಮರಗಳ ತಲೆ, ಅದರಾಚೆ ಹೊಳೆಯ ನೀರು ಹೊಳೆಯುತ್ತಿತ್ತು. ರಘು ಬಗ್ಗಿ ನೋಡುತ್ತಿದ್ದ. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಕಣ್ಣು ಮುಚ್ಚಿದ್ದರು. ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಹಣೆಯಿಂದ ಬೆವರು ಇಳಿದು ಕನ್ನಡಕದ ಒಳಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಅವರು ಕೈ ಬಿಡಲಿಲ್ಲ.

"ಏನಾಯ್ತು ರೀ?" ಎಂದಳು ಅಮ್ಮ.

"ನಿಲ್ಲಿಸೋಕೆ ಹೇಳು."

"ನಿಂತಿದೆಯಲ್ಲ. ಅದಕ್ಕೇ ತೊಂದರೆ."

"ಹಾಗಾದ್ರೆ ಹೊರಡಿಸೋಕೆ ಹೇಳು." ಆಮೇಲೆ ಮೆಲ್ಲಗೆ ಹೇಳಿದರು, "ಸರೋಜಾ, ನನಗೆ ಹೆದರಿಕೆ ಆಗ್ತಿದೆ."

ಆ ಮಾತನ್ನು ನಾನು ಅಪ್ಪನ ಬಾಯಲ್ಲಿ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಲ್ಲವೆಂದು ಅವಳ ಮುಖ ನೋಡಿ ತಿಳಿಯಿತು. ಅವಳು ಕಂಬಿಯ ಮೇಲಿದ್ದ ಅಪ್ಪನ ಕೈಯ ಮೇಲೆ ತನ್ನ ಕೈ ಇಟ್ಟಳು. ನಮ್ಮ ಮುಂದೆ ಅವರಿಬ್ಬರೂ ಹಾಗೆ ಕೈ ಹಿಡಿದದ್ದೂ ಅದೇ ಮೊದಲು. ಕಣ್ಣು ಮುಚ್ಚಿಕೊಂಡೇ ಅಪ್ಪ ಮತ್ತೆ ಮಾತಾಡಿದರು. ಹೆದರಿದವರ ಮಾತಿಗೆ ಮುಂಚಿನಂತೆ ಬಾಗಿಲು ಹಾಕುವುದು ಆಗುವುದಿಲ್ಲವೋ ಏನೋ.

"ನೀವೆಲ್ಲ ಹೋದ್ಮೇಲೆ ಆ ಮನೇಲಿ ಒಬ್ಬನೇ ಹೇಗಿರೋದು ಅಂತ ನನಗೆ ಗೊತ್ತಾಗ್ತಿಲ್ಲ."

ಗಾಳಿಗೆ ತೊಟ್ಟಿಲು ಒಂದು ಸಲ ಕಿರ್ರೆಂದಿತು. ಅಮ್ಮ ಹೇಳಿದಳು:

"ಇದನ್ನ ನೆಲದ ಮೇಲೇ ಹೇಳಬಹುದಿತ್ತಲ್ಲ ರೀ."

ರಘು ಕೆಳಗೆ ನೋಡುವುದನ್ನು ಬಿಟ್ಟು ಅಪ್ಪನ ಮುಖ ನೋಡಿದ. ಬೆವರನ್ನು ಅವನು ಬೇರೆಯೇ ತಿಳಿದುಕೊಂಡ. "ಅಪ್ಪ ಕರಯುವಾಣೋ?" ಎಂದು ಅಮ್ಮನನ್ನು ಕೇಳಿದ. ಅಪ್ಪ ಅಳುತ್ತಿದ್ದಾರಾ ಎಂದು.

"ಇಲ್ಲ ಮೋನೇ," ಎಂದಳು ಅಮ್ಮ. "ಅಪ್ಪ ಪೇಡಿಚ್ಚು ಪೋಯಿ. ಅತ್ರೇ ಉಳ್ಳೂ." ಇಲ್ಲ ಮಗನೇ, ಹೆದರಿಕೊಂಡುಬಿಟ್ಟರು, ಅಷ್ಟೇ ಎಂದು.

ರಘು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. ನಾನೂ ನೋಡಿದೆ. ಅಪ್ಪ ಕೂಡ ಒಂದು ಕಣ್ಣು ತೆರೆದರು.

"ಏನು? ಐದು ವರ್ಷದಿಂದ ಕೇಳ್ತಾ ಇದ್ದೀನಿ. ಕಿವಿ ಇಲ್ವಾ ನನಗೆ?" ಎಂದಳು ಅಮ್ಮ. ಚಕ್ರ ಮತ್ತೆ ಹೊರಟಿತು. ಮುಂದಿನ ತೊಟ್ಟಿಲಿನಿಂದ ಕೂಗು ಕೇಳಿತು. ಅಮ್ಮ ಅಪ್ಪನಿಗೆ, "ನೀವೂ ಒಂದ್ಸಲ ಕೂಗಿ. ಅವರೆಲ್ಲ ಸುಮ್ಮನೆ ಕೂಗ್ತಾರಾ? ಹಗುರ ಆಗುತ್ತೇನೋ" ಎಂದಳು. ಅಪ್ಪ ಪ್ರಯತ್ನಪಟ್ಟರು. ಅದು ಕೂಗಿನಂತೆ ಇರಲಿಲ್ಲ, ಬಾಗಿಲಾಚೆ ಯಾರನ್ನೋ ಮರ್ಯಾದೆಯಿಂದ ಕರೆದಂತಿತ್ತು. ಅದನ್ನು ಕೇಳಿ ಅಮ್ಮ ನಕ್ಕಳು. ಸೆರಗು ಬಾಯಿಗೆ ಹಿಡಿದುಕೊಳ್ಳದೆ, ತಲೆ ಹಿಂದಕ್ಕೆ ಹಾಕಿ. ಅವಳ ನಗು ಅಷ್ಟು ದೊಡ್ಡದು ಎಂದು ನಾನು ತಿಳಿದಿರಲಿಲ್ಲ.

ಇಳಿದ ಮೇಲೆ ಅಪ್ಪ ಟಿಕೆಟ್ ಕೋಣೆಯ ಗೋಡೆಗೆ ಒರಗಿ ನಿಂತರು. ಹಿರೇಮಠ ಅಂಕಲ್ ನೋಡಿದರು, ಹೋಗಿ ನಿಂಬೆ ಸೋಡಾ ತಂದುಕೊಟ್ಟರು. ಶಾಂತಾ ಆಂಟಿಯೇ ಹೇಳಿದ್ದು: "ಹೋದ ಮಳಿಗಾಲದಾಗ ನಮ್ಮವರು ಆಂಟೆನಾ ತಿರುಗಸಾಕ ಮನಿ ಮ್ಯಾಲ ಹತ್ತಿ, ಇಳೀಲಿಕ್ಕೆ ಬರಲಾರದ ಅಲ್ಲೇ ಕುಂತಿದ್ರು ಸರ. ನಾ ಕೆಳಗ ನಿಂತು ಬೈದು ಬೈದು ಇಳಿಸಿದೆ."

"ಅದು ನಮಗೆ ಕೇಳಿಸಿತ್ತು," ಎಂದರು ಅಪ್ಪ. ಎಲ್ಲರೂ ನಕ್ಕರು.

ಅಮ್ಮ ಆಗ ಇದ್ದಕ್ಕಿದ್ದಂತೆ ಚಪ್ಪಲಿ ಕಳಚಿ, ಸೀರೆ ಸ್ವಲ್ಪ ಎತ್ತಿ ಹಿಡಿದು ಅಲೆಯ ಕೊಳದ ಕಡೆ ನಡೆದಳು. ಪಾರ್ಕು ಮುಚ್ಚುವ ಹೊತ್ತಾಗಿತ್ತು. ಅಲೆಯ ಯಂತ್ರ ನಿಲ್ಲಿಸಿದ್ದರು. ಅವಳು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಳೋ ಇಲ್ಲವೋ, ಕಾವಲಿನವನು ಸೀಟಿ ಊದಿದ. ಅವಳು ಅವಸರ ಮಾಡಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದಳು.

ರೈಲಿನಲ್ಲಿ ಅಂಕಲ್ ಕೇಳಿದರು, "ಹ್ಯಾಂಗಿತ್ರಿ ಸರ ಪಾರ್ಕು?"

"ಪರವಾಗಿಲ್ಲ," ಎಂದರು ಅಪ್ಪ, ಬಹಳ ಯೋಚಿಸಿ. "ಸ್ವಲ್ಪ ಬೋರು."

ಅಮ್ಮ ಕಿಟಕಿಯ ಕಡೆ ತಿರುಗಿದ್ದಳು. ಅವಳ ಹೆಗಲು ಕುಲುಕುತ್ತಿತ್ತು.

ಒಂದು ಚಕ್ರ ತಿರುಗಿದ್ದಕ್ಕೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬಾರದು. ವಾಪಸ್ ಬಂದ ಮೇಲೂ ಎಷ್ಟೋ ದಿನ ಯಾರೂ ಜೂನ್ ತಿಂಗಳ ಮಾತೆತ್ತಲಿಲ್ಲ. ಡಬ್ಬಿಗಳು ಹೊಳೆದವು. ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂತು. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಸಾರಿನ ತಟ್ಟೆಯನ್ನೇ ನೋಡುತ್ತ, "ಹೋಗಬೇಡಿ ಅನ್ನಿಸುತ್ತೆ" ಅಂದರು.

"ಅನ್ನಿಸುತ್ತೆ ಅಂದ್ರೆ?" ಎಂದಳು ಅಮ್ಮ.

ಅಪ್ಪ ತಟ್ಟೆಯಿಂದ ತಲೆ ಎತ್ತಿದರು. "ಹೋಗಬೇಡಿ," ಎಂದರು. ಗೋಡೆಯಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ.

ನಾವು ಹೋಗಲಿಲ್ಲ. ಅಜ್ಜಿಗೆ ಬಹಳ ಬೇಸರವಾಯಿತು. ದೀಪಾವಳಿಯವರೆಗೂ ಫೋನಿನಲ್ಲಿ ಹಾಂ, ಹೂಂ ಎಂದಷ್ಟೇ ಮಾತಾಡಿದಳು. ಅಮ್ಮನೂ ಕರಾರು ಹಾಕಿದಳು: ದಿನವೂ ಅಪ್ಪ ನಮಗೆ ಕನ್ನಡ ಓದಿಸಬೇಕು. ಅಪ್ಪ ಓದಿಸಿದರು. ಒತ್ತಕ್ಷರವನ್ನು ಬೇರಿಂಗಿನ ಹಾಗೆ ಬಿಚ್ಚಿ ತೋರಿಸುತ್ತಿದ್ದರು. ನನ್ನ ಕನ್ನಡದಲ್ಲಿ ಇಂದಿಗೂ ಎಲ್ಲೋ ಒಂದು ನಟ್ಟು ಸಡಿಲವಾಗಿದ್ದರೆ ಅದು ನನ್ನ ತಪ್ಪು, ಅವರದಲ್ಲ.

ರಘುವಿಗೆ ಆ ದಿನದ ಬಗ್ಗೆ ಕೇಳಿ ನೋಡಿ. ಪರಮ ಬೋರು ಎನ್ನುತ್ತಾನೆ. ಅವನಿಗೆ ಸರತಿಯ ಸಾಲು ಮತ್ತು ಮೊಸರನ್ನ ಬಿಟ್ಟರೆ ಬೇರೇನೂ ನೆನಪಿಲ್ಲ. ಸವಿತಾಳಿಗೆ ಅದು ಜಾದೂ. ಈಚೆಗೆ ಫೋನಿನಲ್ಲಿ ಆ ಮಾತು ಬಂದಾಗ ನಾನು ಹೇಳಿದೆ, ನಿಮ್ಮ ಮನೆಯವರಿಗೆ ಖುಷಿಪಡುವುದು ಎಷ್ಟು ಸುಲಭವಾಗಿತ್ತು, ನಾನು ಹೊಟ್ಟೆಕಿಚ್ಚುಪಟ್ಟಿದ್ದೆ ಎಂದು. ಅವಳು ಹೇಳಿದಳು:

"ಹುಚ್ಚಿ, ನಾ ನಿಮ್ಮ ಮನಿ ಕಂಡು ಹೊಟ್ಟಿಕಿಚ್ಚ ಪಡ್ತಿದ್ದೆ. ಎಷ್ಟ ಶಾಂತ ಇರತಿತ್ತು. ನಮ್ಮನ್ಯಾಗಿನ ಜಗಳ ಎಲ್ಲಾ ನಗೂವಂಥಾವ ಇರಲಿಲ್ಲ, ನಿಮಗ ಗ್ವಾಡಿ ಆಚೆ ಹಂಗ ಕೇಳಸತಿತ್ತು ಅಷ್ಟ. ಅವತ್ತ ಒಂದಿನ ಬೆಳಗಿಂದ ಸಂಜೀತನಾ ಅಪ್ಪ ಅವ್ವ ಜಗಳಾಡಲಿಲ್ಲ. ಒದರಿದ್ರು, ಖರೆ. ಆದ್ರ ಇಬ್ಬರೂ ಕೂಡಿ ಒದರಿದ್ರು."

ಅವಳ ಮಾತು ಕೇಳಿದ ಮೇಲೆ, ಯಾವ ಮನೆಗೆ ಪಾರ್ಕು ಜಾದೂ, ಯಾವ ಮನೆಗೆ ಬೇಜಾರು ಎಂದು ನಾನು ಇಷ್ಟು ದಿನ ಮಾಡಿಕೊಂಡಿದ್ದ ವಿಂಗಡಣೆಯನ್ನು ಕೈಬಿಟ್ಟಿದ್ದೇನೆ. ಪಾರ್ಕಿಗೆ ನಾವೆಲ್ಲ ಮನೆಯನ್ನು ಹೊತ್ತುಕೊಂಡೇ ಹೋಗಿದ್ದೆವು. ಅಲ್ಲಿ ಅವರಿಗೆ ಬೇಕಾದದ್ದು ಬೆಳಿಗ್ಗೆಯೇ ಸಿಕ್ಕಿತು, ನಮಗೆ ಸಂಜೆಯವರೆಗೂ ಕಾಯಬೇಕಾಯಿತು.

ಆ ವರ್ಷದ ಓಣಂಗೆ ಮುಂಚೆ ನಾವು ನಾಲ್ವರೂ ಚಾಲೈ ಪೇಟೆಗೆ ಹೋಗಿದ್ದೆವು. ಆ ಬೀದಿಯಲ್ಲಿ ಹಬ್ಬದ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಅಮ್ಮ ಬಾಳೆಗೊನೆಯ ಅಂಗಡಿಯ ಮುಂದೆ ನಿಂತು, ಬೆರಳು ತೋರಿಸದೆ, ಬಾಯಿ ಬಿಟ್ಟು ಚೌಕಾಸಿ ಮಾಡುತ್ತಿದ್ದಳು. ಅವಳ ಮಲಯಾಳಕ್ಕೆ ಮೈಸೂರಿನ ರಾಗವಿತ್ತು. ರಘು ನಾಚಿಕೆಯಿಂದ ನನ್ನ ಬೆನ್ನ ಹಿಂದೆ ನಿಂತಿದ್ದ. ಅಂಗಡಿಯ ಮುದುಕ ಸೋತವನಂತೆ ನಕ್ಕು ಕೇಳಿದ, "ಚೇಚಿ, ನಾಡೆವಿಡೆಯಾ?" ಅಕ್ಕಾ, ನಿಮ್ಮ ಊರು ಯಾವುದು ಎಂದು.

"ನಾಡು ಮೈಸೂರು," ಎಂದಳು ಅಮ್ಮ. ಬಾಳೆಹಣ್ಣನ್ನು ಬುಟ್ಟಿಗೆ ಹಾಕಿ, ಸೆರಗು ಸರಿಮಾಡಿಕೊಂಡು, ಮುದುಕ ಕೇಳದೆಯೇ ಇನ್ನೊಂದು ಮಾತು ಸೇರಿಸಿದಳು. "ವೀಡು ಇವಿಡೆ." ಮನೆ ಇಲ್ಲಿ.

ಅಪ್ಪ ಎರಡು ಹೆಜ್ಜೆ ಹಿಂದೆ ನಿಂತು ತಕ್ಕಡಿಯನ್ನು ಪರೀಕ್ಷಿಸುತ್ತಿದ್ದರು. ಕೇಳಿಸಿತೋ ಇಲ್ಲವೋ, ಮುಖದಲ್ಲೇನೂ ಕಾಣಲಿಲ್ಲ. ಆದರೆ ಮನೆಗೆ ಹೊರಟಾಗ ಅವರು ಬೀದಿಯ ಮಧ್ಯೆ ನಿಂತು, ಯಾರೂ ಕೇಳದೆಯೇ, ನಮ್ಮೆಲ್ಲರಿಗೂ ಬಿಸಿ ಬಾಳೆಕಾಯಿ ಚಿಪ್ಸ್ ಕೊಡಿಸಿದರು. ಬಸ್ ನಿಲ್ದಾಣದವರೆಗೂ ಅಮ್ಮನ ಪಕ್ಕದಲ್ಲೇ ನಡೆದರು.